ಗಣಕದ ನಕ್ಷೆಯೂ ಮಿಸ್ತ್ರಿಯ ಕೈಯೂ

(ಸಂಘದ ಕುಟುಂಬ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಹಿತ್ಯದ ಮಾತನ್ನೂ ಸಂಗೀತವನ್ನೂ ಕೇಳಿ ಅಭ್ಯಾಸವಾಗಿರುವ ಈ ಸಭೆಯ ಮುಂದೆ ಕಬ್ಬಿಣ, ಉಕ್ಕು, ಗಣಕಯಂತ್ರಗಳ ವಿಷಯವನ್ನು ಎತ್ತುವುದಕ್ಕೆ ನನಗೆ ಸ್ವಲ್ಪ ಸಂಕೋಚವೇ ಆಗುತ್ತದೆ. ಆದರೂ ಎತ್ತಬೇಕಾಗಿದೆ. ಬ್ಯಾಂಕಿನ ಕೆಲಸದ ಮೇಲೋ, ಸರ್ಕಾರಿ ಕಚೇರಿಯ ವರ್ಗಾವಣೆಯ ಮೇಲೋ, ಹೋಟೆಲಿನ ಉದ್ಯಮಕ್ಕೆಂದೋ ಈ ಕಲ್ಕತ್ತೆಗೆ ಬಂದು ನೆಲಸಿದ ನಮ್ಮ ಕುಟುಂಬಗಳಲ್ಲಿ ಈಗ ಎರಡನೆಯ, ಮೂರನೆಯ ತಲೆಮಾರಿನ ಮಕ್ಕಳು ಓದು ಮುಗಿಸುತ್ತಿದ್ದಾರೆ. ಊರಿನ ಹೆಸರು 2001ರಲ್ಲಿ ಕೋಲ್ಕತಾ ಎಂದಾದರೂ ನಮ್ಮ ಹಿರಿಯರ ಬಾಯಿಗೆ ಕಲ್ಕತ್ತೆಯೇ ರೂಢಿ. ನಾನೂ ಹಾಗೆಯೇ ಕರೆಯುತ್ತೇನೆ. ಆ ಮಕ್ಕಳ ತಂದೆತಾಯಿಗಳು ಸಂಘಕ್ಕೆ ಬಂದಾಗ ಕೇಳುವ ಪ್ರಶ್ನೆಯೊಂದುಂಟು: “ಮಗ ಕ್ಯಾಡ್ ಕಲಿಯುತ್ತೇನೆ ಎನ್ನುತ್ತಾನೆ, ಮಗಳೂ ಅದನ್ನೇ ಹೇಳುತ್ತಾಳೆ. ಆರು ತಿಂಗಳ ತರಗತಿಯಂತೆ, ಕೈಗೆ ಸರ್ಟಿಫಿಕೇಟು ಕೊಡುತ್ತಾರಂತೆ. ಸೇರಿಸೋಣವೆ?” ಕಾರ್ಖಾನೆಯ ಕೆಲಸದಲ್ಲಿ ತಲೆ ನರೆಸಿಕೊಂಡವನೆಂಬ ಒಂದೇ ಕಾರಣದಿಂದ ಈ ಪ್ರಶ್ನೆ ನನ್ನ ಕಡೆಗೆ ತಿರುಗುತ್ತದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವಶ್ಯವಾಗಿ ಸೇರಿಸಿ, ಆದರೆ ಅದೊಂದನ್ನೇ ಕಲಿಸಿ ನಿಲ್ಲಿಸಬೇಡಿ. ಹೀಗೇಕೆ ಹೇಳುತ್ತೇನೆಂಬುದನ್ನು ತಮ್ಮ ಮುಂದೆ ವಿವರಿಸುವುದೇ ಈ ಹೊತ್ತಿನ ನನ್ನ ಕೆಲಸ.

ಮೊದಲು ಈ ಎರಡು ಹೆಸರುಗಳ ಅರ್ಥವನ್ನು ನೋಡೋಣ. ಗಣಕದ ನೆರವಿನಿಂದ ವಸ್ತುವಿನ ರೂಪವನ್ನು ಯೋಚಿಸಿ ನಕ್ಷೆ ಬರೆಯುವುದು ಕ್ಯಾಡ್. ಆ ನಕ್ಷೆಯಂತೆ ಲೋಹವನ್ನು ಕೊರೆಯುವುದಕ್ಕೆ ಯಂತ್ರಕ್ಕೆ ಬೇಕಾದ ಅಪ್ಪಣೆಗಳನ್ನು ಗಣಕದಿಂದಲೇ ಸಿದ್ಧಪಡಿಸುವುದು ಕ್ಯಾಮ್. ಮೊದಲನೆಯದು ಏನು ಬೇಕೆಂಬುದನ್ನು ಹೇಳುತ್ತದೆ. ಎರಡನೆಯದು ಅದನ್ನು ಹೇಗೆ ಮಾಡಬೇಕೆಂಬುದನ್ನು.

ನಮ್ಮ ತಾಯಂದಿರಿಗೆ ಇದು ತೀರ ಹೊಸದೇನೂ ಅಲ್ಲ. ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕುವಾಗ ಗೆರೆ ಯಾವ ಚುಕ್ಕಿಯ ಮೂಲಕ ಹಾಯಬೇಕು, ಯಾವುದನ್ನು ಬಳಸಬೇಕು ಎಂಬ ಕಟ್ಟುಪಾಡು ಇರುತ್ತದೆಯಷ್ಟೆ. ಇಂದಿನ ಕ್ಯಾಡ್ ಕೂಡ ಅಂಥ ಕಟ್ಟುಪಾಡುಗಳ ಮೇಲೆಯೇ ನಿಂತಿದೆ. ಈ ಗೆರೆ ಆ ಗೆರೆಗೆ ಸಮಾನಾಂತರವಾಗಿರಲಿ, ಈ ವೃತ್ತ ಆ ಅಂಚನ್ನು ಮುಟ್ಟುತ್ತಿರಲಿ, ಈ ಅಳತೆ ಆ ಅಳತೆಯ ಅರ್ಧವಾಗಿರಲಿ ಎಂದು ಒಮ್ಮೆ ಕಟ್ಟುಮಾಡಿಟ್ಟರೆ ಸಾಕು; ಮುಂದೆ ಒಂದು ಅಳತೆಯನ್ನು ಬದಲಾಯಿಸಿದಾಗ ಉಳಿದವೆಲ್ಲ ತಾವಾಗಿ ಹೊಂದಿಕೊಳ್ಳುತ್ತವೆ. ಹಿಂದೆ ನಕ್ಷೆಗಾರನು ಒಂದು ವಾರ ಕುಳಿತು ತಿದ್ದುತ್ತಿದ್ದುದನ್ನು ಈಗ ಒಂದು ಗಳಿಗೆಯಲ್ಲಿ ತಿದ್ದಬಹುದು. ಎರಡು ಬಿಡಿಭಾಗಗಳು ಒಂದಕ್ಕೊಂದು ತಾಗುತ್ತವೆಯೇ ಎಂಬುದನ್ನು ಲೋಹಕ್ಕೆ ಕೈಹಚ್ಚುವ ಮುಂಚೆಯೇ ಪರದೆಯ ಮೇಲೆ ನೋಡಬಹುದು. ಇದು ದೊಡ್ಡ ಉಪಕಾರ. ಇದನ್ನು ಅಲ್ಲಗಳೆಯುವ ಹಳಬರ ಪಂಗಡಕ್ಕೆ ನಾನು ಸೇರಿದವನಲ್ಲ.

ಈ ವಿದ್ಯೆ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ಅದರ ಒಂದು ತುದಿ ನಮ್ಮ ಹೂಗ್ಲಿ ನದಿಯ ದಡವನ್ನೂ ಮುಟ್ಟುತ್ತದೆ. ಹಡಗು ಕಟ್ಟುವವರು ಹಿಂದಿನ ಕಾಲದಲ್ಲಿ ವಿಶಾಲವಾದ ಅಟ್ಟದ ನೆಲದ ಮೇಲೆ ಹಡಗಿನ ಒಡಲಿನ ಬಾಗುಗಳನ್ನು ಪೂರ್ಣ ಗಾತ್ರದಲ್ಲಿಯೇ ಬರೆಯುತ್ತಿದ್ದರು. ತೆಳ್ಳಗಿನ ಮರದ ಪಟ್ಟಿಯನ್ನು ಬೇಕಾದಂತೆ ಬಾಗಿಸಿ, ಅದು ಜಾರದಂತೆ ಅಲ್ಲಲ್ಲಿ ಸೀಸದ ಗುಂಡುಗಳನ್ನು ಹೇರಿ, ಪಟ್ಟಿಯ ಅಂಚಿನಲ್ಲಿ ಗೆರೆ ಎಳೆಯುವರು. ಆ ಪಟ್ಟಿಗೆ ಸ್ಪ್ಲೈನ್ ಎಂದು ಹೆಸರು. ಇಂದು ಯಾವ ಕ್ಯಾಡ್ ತಂತ್ರಾಂಶವನ್ನು ತೆರೆದರೂ ಬಾಗಿದ ಗೆರೆಗೆ ಅದೇ ಹೆಸರಿದೆ. ಮರ ಹೋಯಿತು, ಗಣಿತ ಬಂತು, ಹೆಸರು ಉಳಿಯಿತು. ಆ ಗಣಿತವನ್ನು ಕಾರ್ಖಾನೆಯ ಬಳಕೆಗೆ ತಂದವರಲ್ಲಿ ಫ್ರಾನ್ಸಿನ ಇಬ್ಬರು ಮುಖ್ಯರು: ಸಿಟ್ರೋಯೆನ್ ಮೋಟಾರು ಸಂಸ್ಥೆಯ ದ ಕಾಸ್ತೆಲ್ಜೊ ಮತ್ತು ರೆನೊ ಸಂಸ್ಥೆಯ ಪಿಯರ್ ಬೆಝಿಯೆ. ಅವರ ಕೆಲಸ 1950ರ ದಶಕದ ಕೊನೆ ಮತ್ತು 1960ರ ದಶಕಕ್ಕೆ ಸೇರಿದ್ದು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಅಂಕಿಗಳ ಅಪ್ಪಣೆಯಂತೆ ತಾನೇ ನಡೆಯುವ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಪ್ರದರ್ಶಿಸಿದರು. ಅದೇ ಸಂಸ್ಥೆಯಲ್ಲಿ ಇವಾನ್ ಸದರ್ಲೆಂಡ್ ಎಂಬ ಯುವಕರು 1963ರಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಚಿತ್ರ ಬರೆಯುವ ‘ಸ್ಕೆಚ್‌ಪ್ಯಾಡ್’ ಅನ್ನು ರಚಿಸಿದರು. ಸಣ್ಣ ಗಣಕಗಳ ಮೇಲೆ ನಡೆಯುವ ಆಟೋಕ್ಯಾಡ್ 1982ರ ಡಿಸೆಂಬರಿನಲ್ಲಿ ಬಂದ ಮೇಲೆ ಈ ವಿದ್ಯೆ ದೊಡ್ಡ ಕಂಪನಿಗಳ ಬೇಲಿ ದಾಟಿ ಸಾಮಾನ್ಯರ ಮೇಜಿಗೆ ಬಂತು.

ನಮ್ಮ ನಗರದ ಪಾಲನ್ನೂ ಮರೆಯಬಾರದು. ದೇಶಕ್ಕೆ ಬಂದ ಮೊದಲ ಅಂಕೀಯ ಗಣಕ, ಬ್ರಿಟನ್ನಿನ ಎಚ್.ಇ.ಸಿ.-2ಎಂ, 1955-56ರಲ್ಲಿ ಇಳಿದದ್ದು ಬ್ಯಾರಕ್‌ಪುರ ಟ್ರಂಕ್ ರಸ್ತೆಯಲ್ಲಿರುವ ಮಹಲನೋಬಿಸರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ. ಆ ಸಂಸ್ಥೆಯೂ ಜಾದವಪುರ ವಿಶ್ವವಿದ್ಯಾಲಯವೂ ಸೇರಿ 1966ರ ಹೊತ್ತಿಗೆ ತಮ್ಮದೇ ಆದ ಗಣಕವೊಂದನ್ನು ಕಟ್ಟಿದವು. ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ಯುದ್ಧನೌಕೆ ‘ಅಜಯ್’ 1961ರಲ್ಲಿ ನೌಕಾಪಡೆಗೆ ಸೇರಿತು. ಅದು ನಮ್ಮ ಗಾರ್ಡನ್ ರೀಚ್ ಹಡಗುಕಟ್ಟೆಯ ಕೂಸು. ಅದೇ ಹಡಗುಕಟ್ಟೆ 2019ರಲ್ಲಿ ತನ್ನ ನೂರನೆಯ ಯುದ್ಧನೌಕೆಯನ್ನು ಒಪ್ಪಿಸಿತು. ಗಣಕವೂ ಗೊತ್ತು, ಕಬ್ಬಿಣವೂ ಗೊತ್ತು ಎಂಬ ಊರಿನಲ್ಲಿ ನಾವು ಬಾಳುತ್ತಿದ್ದೇವೆ. ಆದರೆ ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಮಕ್ಕಳ ವಿದ್ಯೆಯ ಮಾತು ಬಂದಾಗ ನದಿಯ ಆಚೆಗಿನ ಹೌರಾ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ರೈಲು ಹತ್ತುವುದಕ್ಕೆ ಮಾತ್ರ ಹೌರಾ!

ಹಬ್ಬದ ರಜೆಗೆ ಊರಿಗೆ ಹೊರಟಾಗ ನಾವು ದಾಟಿ ಹೋಗುವ ಆ ಹೌರಾದ ಗಲ್ಲಿಗಳಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ನಿಂತು ನೋಡೋಣ. ನ್ಯೂಯಾರ್ಕ್ ನಗರದ ಬೀದಿಗಳಲ್ಲಿರುವ ಮ್ಯಾನ್‌ಹೋಲ್ ಮುಚ್ಚಳಗಳಲ್ಲಿ ಅನೇಕವು ಇಲ್ಲಿ ಎರಕಗೊಂಡವು. ಅಂಥ ಒಂದು ದುಂಡು ಮುಚ್ಚಳದ ಅಡ್ಡಳತೆ 600 ಮಿಲಿಮೀಟರ್ ಇರಬೇಕೆಂದುಕೊಳ್ಳಿ. ಮೊದಲು ಮರದಲ್ಲಿ ಅದರ ಮಾದರಿ ಮಾಡಬೇಕು. ಕಾರ್ಖಾನೆಯ ಮಾತಿನಲ್ಲಿ ಅದು ಪ್ಯಾಟರ್ನ್. ಅದನ್ನು ಮರಳಿನಲ್ಲಿ ಒತ್ತಿ, ಎತ್ತಿ, ಉಳಿದ ಹಳ್ಳಕ್ಕೆ ಕರಗಿದ ಬೀಡು ಕಬ್ಬಿಣವನ್ನು ಸುರಿಯುತ್ತಾರೆ. ನಮ್ಮ ಹುಡುಗನಿಗೆ ಈ ಮಾದರಿಯ ನಕ್ಷೆ ಬರೆಯಲು ಹೇಳಿದರೆ ಪರದೆಯ ಮೇಲೆ 600 ಎಂದು ಒತ್ತುತ್ತಾನೆ. ತಂತ್ರಾಂಶವು ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತದೆ. ಆದರೆ ಕಬ್ಬಿಣ ಆರುವಾಗ ಕುಗ್ಗುತ್ತದೆ. ಬೀಡು ಕಬ್ಬಿಣವಾದರೆ ಸುಮಾರು ನೂರಕ್ಕೆ ಒಂದು ಪಾಲು, ಉಕ್ಕಾದರೆ ಸುಮಾರು ಎರಡು ಪಾಲು. ಆದುದರಿಂದ ಮಾದರಿ 606 ಇರಬೇಕು. ಮರಳಿನಿಂದ ಎತ್ತುವಾಗ ಅಂಚು ಕುಸಿಯದ ಹಾಗೆ ಪಕ್ಕಗಳಿಗೆ ಒಂದೆರಡು ಡಿಗ್ರಿ ಓರೆ ಕೊಡಬೇಕು. ಮುಂದೆ ಲೇತಿನಲ್ಲಿ ಕಡೆದು ನುಣುಪು ಮಾಡಬೇಕಾದ ಕಡೆ ಎರಡು ಮೂರು ಮಿಲಿಮೀಟರ್ ದಪ್ಪ ಬಿಟ್ಟಿರಬೇಕು.

ಈ ಎಲ್ಲವನ್ನೂ ಮಾಡುವ ಗುಂಡಿಗಳು ತಂತ್ರಾಂಶದಲ್ಲಿ ಇವೆ. ಎಲ್ಲಿ, ಎಷ್ಟು ಎಂಬುದನ್ನು ಹೇಳಬೇಕಾದವನು ಮಾತ್ರ ಮನುಷ್ಯ. ಅದೂ ನೂರಕ್ಕೆ ಒಂದು ಎಂಬ ಸೂತ್ರ ಎಲ್ಲ ಕಡೆಗೂ ಒಂದೇ ಸಮನಾಗಿ ಹೊಂದುವುದಿಲ್ಲ. ಒಳಗೆ ಟೊಳ್ಳಿರುವ ವಸ್ತುವಾದರೆ, ಟೊಳ್ಳಿಗಾಗಿ ಇಟ್ಟ ಮರಳಿನ ತಿರುಳು ಕಬ್ಬಿಣ ಕುಗ್ಗುವುದನ್ನು ತಡೆಯುತ್ತದೆ. ಅಲ್ಲಿ ಕುಗ್ಗು ಕಡಿಮೆ. ಎಷ್ಟು ಕಡಿಮೆ ಎಂಬುದನ್ನು ಆ ಗಲ್ಲಿಯ ಹಳೆಯ ಮಿಸ್ತ್ರಿ ಮಾದರಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳುತ್ತಾನೆ. ಅವನ ಅಳತೆಪಟ್ಟಿಯೇ ಬೇರೆ. ಕುಗ್ಗುವ ಪ್ರಮಾಣವನ್ನು ಮೊದಲೇ ಸೇರಿಸಿ ಗೀಟು ಹಾಕಿದ, ಸಾಮಾನ್ಯ ಪಟ್ಟಿಗಿಂತ ತುಸು ಉದ್ದನೆಯ ಪಟ್ಟಿ ಅದು.

ಎರಡನೆಯ ಉದಾಹರಣೆ ಇನ್ನೂ ಮುಖ್ಯವಾದುದು. 1855ರಲ್ಲಿ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಆರಂಭವಾದಂದಿನಿಂದ ಹೂಗ್ಲಿಯ ಎರಡು ದಡಗಳಲ್ಲೂ ಗಿರಣಿಗಳು ಬೆಳೆದವು. ಅಲ್ಲಿಯ ಯಂತ್ರಗಳಲ್ಲಿ ಹಳೆಯವು ಬಹಳ. ಬಿಡಿಭಾಗ ಮುರಿದರೆ ತಯಾರಿಸಿದ ಕಂಪನಿಯೂ ಇರುವುದಿಲ್ಲ, ನಕ್ಷೆಯೂ ಇರುವುದಿಲ್ಲ. ಸವೆದ ಭಾಗವನ್ನೇ ಬಿಚ್ಚಿ ತಂದು, “ಇದರಂತೆಯೇ ಒಂದು ಮಾಡಿಕೊಡಿ” ಎನ್ನುತ್ತಾರೆ. ನಮ್ಮ ತರಗತಿಯ ಹುಡುಗ ವರ್ನಿಯರ್ ಹಿಡಿದು ದಿಂಡಿನ ದಪ್ಪ ಅಳೆಯುತ್ತಾನೆ: 49.7 ಮಿಲಿಮೀಟರ್. ಅಷ್ಟನ್ನೇ ನಕ್ಷೆಗೆ ಬರೆಯುತ್ತಾನೆ. ಮಿಸ್ತ್ರಿ ಅದನ್ನು ನೋಡಿ ನಕ್ಕುಬಿಡುತ್ತಾನೆ. ಹೊಸದರಲ್ಲಿ ಅದು 50 ಇತ್ತು. ಉಳಿದದ್ದನ್ನು ವರ್ಷಗಳು ತಿಂದಿವೆ. ಬೇರಿಂಗ್ ಕೂರುವ ಕಡೆ ಬಣ್ಣ ಹೇಗಿದೆ, ಸವೆತ ಒಂದೇ ಮಗ್ಗುಲಿಗೆ ಇದೆಯೆ, ಸುತ್ತಲೂ ಇದೆಯೆ ಎಂಬುದನ್ನು ನೋಡಿ ಅವನು ಅದನ್ನು ತಿಳಿಯುತ್ತಾನೆ. ಆ ಹಳೆಯ ಯಂತ್ರ ಇಂಗ್ಲೆಂಡಿನದಾಗಿ ಅಳತೆಗಳು ಅಂಗುಲದಲ್ಲಿದ್ದರೆ, ಅದು 50 ಕೂಡ ಅಲ್ಲ. ಎರಡು ಅಂಗುಲ, ಎಂದರೆ 50.8 ಆಗಿದ್ದೀತು. ಈಗ ವಸ್ತುವಿನ ಮೇಲೆ ಬೆಳಕು ಹಾಯಿಸಿ ಅದರ ರೂಪವನ್ನು ಗಣಕಕ್ಕೆ ಸೇರಿಸುವ ಸ್ಕ್ಯಾನರುಗಳೂ ಬಂದಿವೆ. ಅವು ಸವೆತವನ್ನೂ ಸೇರಿಸಿ ಬಹು ನಿಷ್ಠೆಯಿಂದ ನಕಲು ಮಾಡುತ್ತವೆ. ವಸ್ತು ಹೇಗಿದೆ ಎಂಬುದನ್ನು ಸಲಕರಣೆ ಹೇಳುತ್ತದೆ. ಹೇಗಿರಬೇಕಾಗಿತ್ತು ಎಂಬುದನ್ನು ಬಲ್ಲವನೇ ಹೇಳಬೇಕು.

ಇನ್ನು ಕ್ಯಾಮ್‌ನ ಕಡೆಗೆ ಬರೋಣ. ಉಕ್ಕಿನ ಗಟ್ಟಿಯೊಳಗೆ ಚೌಕಾಕಾರದ ಒಂದು ಗುಂಡಿಯನ್ನು ಕೊರೆಯಬೇಕೆಂದಿಟ್ಟುಕೊಳ್ಳಿ. ಪರದೆಯ ಮೇಲೆ ಒಳಮೂಲೆಗಳನ್ನು ಚೂಪಾಗಿ ಬರೆಯುವುದು ಬಹು ಸುಲಭ. ಆದರೆ ಕೊರೆಯುವ ಉಳಿ ದುಂಡಗೆ ತಿರುಗುವಂಥದು. ಅದರ ಅಡ್ಡಳತೆ 10 ಮಿಲಿಮೀಟರ್ ಇದ್ದರೆ ಮೂಲೆಯಲ್ಲಿ 5 ಮಿಲಿಮೀಟರ್ ತ್ರಿಜ್ಯದ ಬಾಗು ಉಳಿದೇ ಉಳಿಯುತ್ತದೆ. ಅದನ್ನು ಚೂಪು ಮಾಡಬೇಕಾದರೆ ವಿದ್ಯುತ್ ಕಿಡಿಯಿಂದ ಲೋಹ ತೆಗೆಯುವ ಬೇರೆ ಯಂತ್ರಕ್ಕೆ ಹೋಗಬೇಕು, ಖರ್ಚು ಏರುತ್ತದೆ. ಆ ಮೂಲೆ ಚೂಪಾಗಿರುವ ಅಗತ್ಯವಾದರೂ ಇತ್ತೆ? ಬಹುಮಟ್ಟಿಗೆ ಇರುವುದಿಲ್ಲ. ಬರೆದವನಿಗೆ ಉಳಿ ದುಂಡಗೆ ತಿರುಗುತ್ತದೆಂಬ ನೆನಪಿಲ್ಲದ್ದರಿಂದ ಗಿರಾಕಿ ಹಣ ತೆರಬೇಕಾಗುತ್ತದೆ.

ಅಪ್ಪಣೆಗಳನ್ನು ಯಂತ್ರ ಓದುವ ಭಾಷೆಗೆ ಜಿ-ಕೋಡ್ ಎಂದು ಹೆಸರು. ಜಿ 00 ಎಂದರೆ ಲೋಹ ಮುಟ್ಟದೆ ಬೇಗ ಸರಿ. ಜಿ 01 ಎಂದರೆ ಗೊತ್ತುಮಾಡಿದ ವೇಗದಲ್ಲಿ ನೇರವಾಗಿ ಕೊರೆ. ಎಂ 03 ಎಂದರೆ ಉಳಿಯನ್ನು ತಿರುಗಿಸು. ಎಂ 30 ಎಂದರೆ ಕೆಲಸ ಮುಗಿಯಿತು. ಈ ಭಾಷೆಯಲ್ಲಿ ಒಂದು ಚುಕ್ಕಿಗೆ ಎಷ್ಟು ಬೆಲೆಯುಂಟೆಂಬುದನ್ನು ಕೇಳಿ. ಕೆಲವು ನಿಯಂತ್ರಕಗಳಲ್ಲಿ ‘50.’ ಎಂದು ಚುಕ್ಕಿಯಿಟ್ಟು ಬರೆದರೆ 50 ಮಿಲಿಮೀಟರ್. ಚುಕ್ಕಿಯಿಲ್ಲದೆ ‘50’ ಎಂದು ಬರೆದರೆ ಮಿಲಿಮೀಟರಿನ ಸಾವಿರದಲ್ಲಿ 50 ಪಾಲು, ಎಂದರೆ ಕೂದಲೆಳೆಗಿಂತ ಕಡಿಮೆ! ಲೋಹದ ಗಟ್ಟಿಯ ಯಾವ ಮೂಲೆಯನ್ನು ಸೊನ್ನೆಯೆಂದು ಎಣಿಸಬೇಕೆಂಬುದನ್ನು ಯಂತ್ರಕ್ಕೆ ತಪ್ಪಾಗಿ ತಿಳಿಸಿದರೆ, ಬೇಗ ಸರಿ ಎಂಬ ಅಪ್ಪಣೆಯ ಮೇಲೆ ಉಳಿ ನೇರವಾಗಿ ಲೋಹಕ್ಕೆ ಹೋಗಿ ಬಡಿಯುತ್ತದೆ. ಉಳಿ ಮುರಿಯುವುದು ಒಂದು ಕಡೆ, ಅದನ್ನು ಹಿಡಿದ ದಿಂಡಿನ ಬೇರಿಂಗ್ ಕೆಡುವುದು ಇನ್ನೊಂದು ಕಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಾಲ ಮಾಡಿ ಒಂದೇ ಒಂದು ಯಂತ್ರ ತಂದು ನಿಲ್ಲಿಸಿಕೊಂಡ ಸಣ್ಣ ಕಾರ್ಖಾನೆಯವನಿಗೆ ಆ ಒಂದು ನಿಮಿಷ ಎಷ್ಟು ತಿಂಗಳ ಸಂಪಾದನೆ ಎಂಬುದನ್ನು ತಾವೇ ಊಹಿಸಬಹುದು. ಗಣಕವು ಸರಿಯಾದುದನ್ನು ಎಷ್ಟು ನಿಖರವಾಗಿ ಮಾಡುತ್ತದೆಯೋ ತಪ್ಪಾದುದನ್ನೂ ಅಷ್ಟೇ ನಿಖರವಾಗಿ ಮಾಡುತ್ತದೆ.

ವೇಗದ ವಿಷಯವೂ ಹೀಗೆಯೇ. ಮೆದು ಉಕ್ಕನ್ನು ಸಾಮಾನ್ಯ ಹೈಸ್ಪೀಡ್ ಉಕ್ಕಿನ ಉಳಿಯಿಂದ ಕೊರೆಯುವಾಗ ಉಳಿಯ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಓಡಬಹುದು. 10 ಮಿಲಿಮೀಟರ್ ಉಳಿಯಾದರೆ ಅದು ನಿಮಿಷಕ್ಕೆ ಸುಮಾರು 800 ಸುತ್ತು. 20 ಮಿಲಿಮೀಟರ್ ಆದರೆ 400. ಲೆಕ್ಕವನ್ನು ತಂತ್ರಾಂಶ ಮಾಡಿಕೊಡುತ್ತದೆ. ಆದರೆ ಯಂತ್ರದ ಹತ್ತಿರ ನಿಂತವನಿಗೆ ಶಬ್ದ ಬದಲಾದದ್ದು ಕಿವಿಗೆ ತಿಳಿಯಬೇಕು, ಸುರುಳಿಯಾಗಿ ಹಾರುವ ಚೂರಿನ ಬಣ್ಣ ಕಣ್ಣಿಗೆ ಬೀಳಬೇಕು. ನಮ್ಮ ಹೋಟೆಲಿನ ದೋಸೆಭಟ್ಟರಿಗೆ ಹಂಚಿನ ಕಾವು ನೀರು ಚಿಮುಕಿಸಿದ ಸದ್ದಿನಿಂದಲೇ ತಿಳಿಯುತ್ತದೆಯಲ್ಲವೆ? ಅದೂ ಅಂಥದೇ ವಿದ್ಯೆ.

ಹಾಗಾದರೆ ಮಕ್ಕಳು ಯಾವ ಕ್ರಮದಲ್ಲಿ ಕಲಿಯಬೇಕು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಬೇಡ. ಮೊದಲನೆಯದು, ಕಾಗದದ ಮೇಲೆ ಪೆನ್ಸಿಲಿನಿಂದ ನಕ್ಷೆ ಬರೆಯುವುದು ಮತ್ತು ಓದುವುದು. ಮುಂಭಾಗ, ಮೇಲ್ಭಾಗ, ಪಕ್ಕದ ಭಾಗ ಎಂಬ ಮೂರು ನೋಟಗಳಿಂದ ವಸ್ತುವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಬಂದಿರಬೇಕು. ಈ ನೋಟಗಳನ್ನು ಜೋಡಿಸುವ ಪದ್ಧತಿ ನಮ್ಮಲ್ಲಿ ಒಂದು ಬಗೆ, ಅಮೆರಿಕದಲ್ಲಿ ಇನ್ನೊಂದು ಬಗೆ. ಅದನ್ನು ಗಮನಿಸದೆ ಹೋದರೆ ಎಡಗೈಯದು ಬಲಗೈಯದಾಗಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾದ ವಸ್ತು ತಯಾರಾಗುತ್ತದೆ. ಎರಡನೆಯದು, ಅಳತೆ. 25 ಮಿಲಿಮೀಟರ್ ರಂಧ್ರಕ್ಕೆ ‘ಎಚ್ 7’ ಎಂದು ಬರೆದಿದ್ದರೆ ಅದು 25ಕ್ಕಿಂತ ಕಿರಿದಾಗಕೂಡದು, 25.021ಕ್ಕಿಂತ ಹಿರಿದಾಗಕೂಡದು, ಇದ್ದ ಸ್ವಾತಂತ್ರ್ಯ 21 ಮೈಕ್ರಾನ್ ಮಾತ್ರ. ಎಲ್ಲ ಕಡೆಗೂ ಇಷ್ಟು ಬಿಗಿ ಕೇಳಿದರೆ ಬೆಲೆ ಮುಗಿಲಿಗೇರುತ್ತದೆ. ಬೇಕಾದ ಕಡೆ ಕೇಳದೆ ಹೋದರೆ ಯಂತ್ರ ಗಡಗಡನೆ ಅಲುಗುತ್ತದೆ. ಮೂರನೆಯದು, ಕೈಕೆಲಸ. ಒಂದು ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಸಮ ಮಾಡಬೇಕು, ಲೇತಿನಲ್ಲಿ ಒಂದು ದಿಂಡನ್ನಾದರೂ ಕಡೆಯಬೇಕು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯಲ್ಲಿ ಕೆಸರಿನ ಬದಲು ಎಣ್ಣೆಯೆಂದು ಹಾಕಿಕೊಳ್ಳಿ. ನಾಲ್ಕನೆಯದೇ ತಂತ್ರಾಂಶ.

ಆ ತಂತ್ರಾಂಶದಲ್ಲಿಯೂ ಹೆಸರಿಗೆ ಮರುಳಾಗಬೇಡಿ. ಕ್ಯಾಟಿಯಾ, ಎನ್‌ಎಕ್ಸ್, ಕ್ರಿಯೋ, ಸಾಲಿಡ್‌ವರ್ಕ್ಸ್ ಎಂದು ಒಂದೊಂದಕ್ಕೆ ಒಂದೊಂದು ಸರ್ಟಿಫಿಕೇಟು ಕೂಡಿಡುವ ಮಕ್ಕಳಿದ್ದಾರೆ. ಒಂದನ್ನು ಆಳವಾಗಿ ಕಲಿತವನು ಇನ್ನೊಂದಕ್ಕೆ ಸುಲಭವಾಗಿ ಒಗ್ಗಿಕೊಳ್ಳುತ್ತಾನೆ. ಗುಂಡಿಗಳ ಜಾಗ ಬೇರೆ, ಯೋಚನೆ ಒಂದೇ. ಮನೆಯಲ್ಲಿ ಅಭ್ಯಾಸ ಮಾಡುವುದಕ್ಕೆ ಕಾಸು ಕೊಡಬೇಕಾದ ಅಗತ್ಯವೂ ಇಲ್ಲ. ಫ್ರೀಕ್ಯಾಡ್ ಎಂಬ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ತಂತ್ರಾಂಶವೊಂದುಂಟು. ಅದರ 1.0 ಆವೃತ್ತಿ 2024ರ ನವೆಂಬರಿನಲ್ಲಿ ಹೊರಬಂತು. ನಕ್ಷೆಯ ಜೊತೆಗೆ ಯಂತ್ರಕ್ಕೆ ಅಪ್ಪಣೆ ಬರೆಯುವ ಭಾಗವೂ ಅದರಲ್ಲಿದೆ.

ಎಲ್ಲಿ ಕಲಿಯಬೇಕೆಂದು ಕೇಳಿದರೆ, ದೂರ ಹೋಗಬೇಕಾಗಿಲ್ಲ. ನಾನು ಆಗಲೇ ಹೇಳಿದ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ನೆರೆಯಲ್ಲಿ, ಬನ್‌ಹೂಗ್ಲಿಯಲ್ಲಿ, ಕೇಂದ್ರ ಸರ್ಕಾರದ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವಿದೆ. ಅಲ್ಲಿ ಗಣಕದ ಕೋಣೆಗೂ ಯಂತ್ರಗಳ ಕೋಣೆಗೂ ನಡುವೆ ದೂರವಿಲ್ಲ. ಕಲಿಯುವವನಿಗೆ ಬೇಕಾದುದು ಅದೇ. ಐ.ಟಿ.ಐ.ಗಳಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಕಸುಬುಗಳಿಗೆ ಎರಡು ವರ್ಷದ ಶಿಕ್ಷಣವುಂಟು. ನಮ್ಮ ಮಗ ಫಿಟ್ಟರ್ ಆಗುವುದೆ ಎಂದು ಮೂಗು ಮುರಿಯಬೇಡಿ. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿದೆ. ಗಣಕ ನಡೆಸುವ ಯಂತ್ರಕ್ಕೆ ತೋಳಿನ ಬಲಕ್ಕಿಂತ ಗಮನ, ಲೆಕ್ಕ, ತಾಳ್ಮೆ ಹೆಚ್ಚು ಬೇಕು.

ಇಲ್ಲಿ ನಮ್ಮ ನಾಡಿನ ಮಾತು ಬರುತ್ತದೆ. ಈ ಬಗೆಯ ವಿದ್ಯೆಗೆ ಕರ್ನಾಟಕ ಹೊಸದಲ್ಲ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರರ ಹೆಸರಿನ ಕಸುಬಿನ ಶಾಲೆ ತೆರೆಯಿತು. 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಜಾಲಹಳ್ಳಿಯಲ್ಲಿ ನೆಲೆಗೊಂಡಿತು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಬೆಂಗಳೂರಿನಲ್ಲಿ ಪ್ರಾರಂಭವಾಗಿ, ಈಗ ರಾಜ್ಯದ ಹಲವು ಊರುಗಳಲ್ಲಿ ಶಾಖೆಗಳನ್ನು ಹೊಂದಿದೆ. ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು, ಬೆಳಗಾವಿಯ ಉದ್ಯಮಬಾಗ್ ಮತ್ತು ಶಿವಮೊಗ್ಗದ ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳು ತಮಗೆ ತಿಳಿದವೇ. ಇಲ್ಲಿ ಕ್ಯಾಡ್ ಕಲಿತ ನಮ್ಮ ಮಕ್ಕಳಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಹೋಗುವುದು ಬೆಂಗಳೂರಿಗೇ. ತಂದೆ ಊರು ಬಿಟ್ಟು ಬಂದ ದಾರಿಯಲ್ಲಿ ಮಗ ಹಿಂದಿರುಗುತ್ತಾನೆ.

ಹಾಗೆ ಹಿಂದಿರುಗಿದವನ ನಕ್ಷೆಯಲ್ಲಿ ಇಂಗ್ಲಿಷ್ ಇರುತ್ತದೆ, ಕಚೇರಿಯ ಸಭೆಯಲ್ಲಿ ಇಂಗ್ಲಿಷ್ ಇರುತ್ತದೆ. ಆದರೆ ನಕ್ಷೆ ಹಿಡಿದು ಕೆಳಗೆ ಯಂತ್ರದ ಬಳಿಗೆ ಇಳಿದರೆ ಅಲ್ಲಿಯ ಮೇಸ್ತ್ರಿ ಕನ್ನಡದಲ್ಲಿ ಹೇಳುತ್ತಾನೆ: “ಸ್ವಾಮಿ, ಈ ಮೂಲೆಗೆ ಉಳಿ ಹೋಗೋದಿಲ್ಲ, ಇಲ್ಲಿ ಹಿಡಿಯೋಕೆ ಜಾಗ ಬಿಟ್ಟಿಲ್ಲ.” ಅದನ್ನು ಕೇಳಿ, ಮರುಪ್ರಶ್ನೆ ಹಾಕಿ, ಅವನ ಅನುಭವವನ್ನು ತನ್ನ ನಕ್ಷೆಗೆ ಇಳಿಸಿಕೊಳ್ಳಬಲ್ಲವನು ಬೇಗ ಬೆಳೆಯುತ್ತಾನೆ. ಮನೆಯಲ್ಲಿ ಕನ್ನಡ ಕಲಿಸದೆ ಬೆಳೆಸಿದ ಮಗುವಿಗೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇಲ್ಲಿ ಹೌರಾದಲ್ಲಿ ಇದೇ ಮಾತನ್ನು ಬಂಗಾಳಿಯಲ್ಲಿ ಕೇಳಬೇಕು. ಅದು ನಮ್ಮ ಮಕ್ಕಳಿಗೆ ಬೀದಿಯಲ್ಲಿಯೇ ಬಂದಿದೆ. ಇವರ ‘ಮಿಸ್ತ್ರಿ’, ನಮ್ಮ ‘ಮೇಸ್ತ್ರಿ’ ಎರಡೂ ಪೋರ್ಚುಗೀಸರ ಒಂದೇ ಮಾತಿನಿಂದ ಬಂದವು. ಗುರು ಎಂದು ಅದರ ಅರ್ಥ. ಈ ಎರಡು ಭಾಷೆಗಳೂ ಬರುವ ಮಕ್ಕಳಿಗೆ ಎರಡು ಕಡೆಯ ಗುರುಗಳೂ ಸಿಗುತ್ತಾರೆ. ರಾಜ್ಯೋತ್ಸವದಂದು ಕನ್ನಡದ ಅಭಿಮಾನವನ್ನು ಕುರಿತು ಬಹಳ ಮಾತನಾಡುತ್ತೇವೆ; ಅದರ ಉಪಯೋಗವನ್ನು ಕುರಿತೂ ಒಂದು ಮಾತು ಹೇಳಿದರೆ ತಪ್ಪಾಗಲಾರದು.

ಈಚೆಗೆ ಕೆಲವರು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತಾರೆ: ಕೃತಕ ಬುದ್ಧಿಮತ್ತೆ ಬಂದ ಮೇಲೆ ನಕ್ಷೆಯನ್ನೂ ಯಂತ್ರವೇ ಬರೆಯುವುದಲ್ಲ, ಇಷ್ಟು ಶ್ರಮವೇಕೆ? ಎಷ್ಟು ಭಾರ ಹೊರಬೇಕು, ಎಲ್ಲಿ ತಿರುಪು ಕೂರಬೇಕು ಎಂದು ತಿಳಿಸಿದರೆ ವಸ್ತುವಿನ ರೂಪವನ್ನು ತಾನೇ ಸೂಚಿಸುವ ತಂತ್ರಾಂಶಗಳು ಈಗಾಗಲೇ ಇವೆ. ಅವು ಇನ್ನೂ ಉತ್ತಮವಾಗುತ್ತ ಹೋಗುವುದರಲ್ಲಿ ನನಗೆ ಸಂದೇಹವಿಲ್ಲ. ಬರಿಯ ಗೆರೆ ಎಳೆಯುವುದನ್ನಷ್ಟೇ ಕಲಿತವನಿಗೆ ಅದರಿಂದ ನಿಜವಾಗಿಯೂ ಅಪಾಯವುಂಟು. ಸೂಚಿಸಿದ ರೂಪಗಳಲ್ಲಿ ಯಾವುದನ್ನು ಎರಕ ಹೊಯ್ಯಬಹುದು, ಯಾವುದನ್ನು ಕೊರೆಯಬಹುದು, ಯಾವುದು ಅಂದವಾಗಿದ್ದರೂ ಕೆಲಸಕ್ಕೆ ಬಾರದು ಎಂದು ಆರಿಸಬಲ್ಲವನಿಗೆ ಕೆಲಸ ಕಡಿಮೆಯಾಗಲಾರದು. ಆದುದರಿಂದಲೇ ತಂತ್ರಾಂಶದ ಜೊತೆಗೆ ಲೋಹವನ್ನೂ ಕಲಿಸಿ ಎಂದು ನಾನು ಒತ್ತಿ ಹೇಳುವುದು.

ಈ ಕೆಲಸಕ್ಕೆ ಹೆಚ್ಚು ಕಾಲಾವಕಾಶವಿಲ್ಲವೆಂಬುದನ್ನೂ ಹೇಳಬೇಕು. ಮರದ ಮಾದರಿ ಮಾಡುವ ಮಿಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಅವರ ಮಕ್ಕಳು ಆ ಕೆಲಸಕ್ಕೆ ಬರಲು ಒಲ್ಲರು. ಬರಬೇಕೆಂದು ಒತ್ತಾಯಿಸುವುದೂ ನ್ಯಾಯವಲ್ಲ. ಅವರು ತಿಳಿದದ್ದನ್ನು ಬರೆದಿಟ್ಟವರಲ್ಲ. ಅದು ಅವರ ಬೆರಳುಗಳಲ್ಲಿದೆ. ಅವರಿಗೆ ಗಣಕ ಬಾರದು, ನಮ್ಮ ಮಕ್ಕಳಿಗೆ ಮರ ಮರಳು ತಿಳಿಯದು. ಎರಡು ಪಕ್ಷಗಳೂ ಒಂದು ಮೇಜಿನ ಮುಂದೆ ಕೂತರೆ, ಮಿಸ್ತ್ರಿ ಹೇಳಿದ ಓರೆ, ಕುಗ್ಗು, ಬಿಡುವುಗಳನ್ನು ಹುಡುಗ ಗಣಕದ ನಕ್ಷೆಗೆ ಸೇರಿಸಿಟ್ಟರೆ, ಆ ತಿಳಿವಳಿಕೆ ಉಳಿಯುತ್ತದೆ. ಮಿಸ್ತ್ರಿಗೂ ಒಂದಿಷ್ಟು ಸಂಬಳ, ಒಂದಿಷ್ಟು ಗೌರವ ದೊರೆಯುತ್ತದೆ. ಕೂರದೆ ಹೋದರೆ ಅವರೊಡನೆ ಅದೂ ಹೋಗುತ್ತದೆ. ಮುಂದಿನವರು ನೂರು ಎರಕ ಕೆಡಿಸಿಕೊಂಡು ಅದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಕಾರ್ಯಕಾರಿ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಮ್ಮೆ ವನಭೋಜನಕ್ಕೆ ಬಸ್ಸು ಗೊತ್ತುಮಾಡುತ್ತೇವಷ್ಟೆ. ಅದರಂತೆಯೇ ಒಂದು ದಿನ ಪ್ರೌಢಶಾಲೆ, ಕಾಲೇಜುಗಳ ನಮ್ಮ ಮಕ್ಕಳನ್ನು ಹೌರಾದ ಒಂದು ಎರಕದ ಕಾರ್ಖಾನೆಗೂ ಬನ್‌ಹೂಗ್ಲಿಯ ಟೂಲ್ ರೂಮಿಗೂ, ಅಲ್ಲಿಯವರ ಒಪ್ಪಿಗೆ ಪಡೆದು, ಕರೆದೊಯ್ಯಿರಿ. ನಮ್ಮಲ್ಲಿ ಎಂಜಿನಿಯರಿಂಗ್ ಕೆಲಸದಿಂದ ನಿವೃತ್ತರಾದ ಹಿರಿಯರಿದ್ದರೆ ತಿಂಗಳಿಗೆ ಎರಡು ಭಾನುವಾರ ಸಂಘದ ಕೋಣೆಯಲ್ಲಿ ಕುಳಿತು, ಪೆನ್ಸಿಲು ಕಾಗದ ಹಿಡಿದು, ನಕ್ಷೆ ಓದುವುದನ್ನು ಕನ್ನಡದಲ್ಲಿಯೇ ಹೇಳಿಕೊಡಲಿ. ಅದಕ್ಕೆ ಒಂದು ಹಲಗೆ, ಒಂದು ವರ್ನಿಯರ್, ನಾಲ್ಕು ಕಬ್ಬಿಣದ ತುಂಡು ಸಾಕು. ಮಕ್ಕಳು ಮುಂದೆ ಗಣಕದ ಮುಂದೆ ಕೂತಾಗ, ಪರದೆಯ ಮೇಲೆ ಹೊಳೆಯುವ ಆ ಚಿತ್ರಕ್ಕೆ ಭಾರವಿದೆ, ಕಾವಿದೆ, ಅದು ಕುಗ್ಗುತ್ತದೆ, ಸವೆಯುತ್ತದೆ ಎಂಬುದು ಅವರಿಗೆ ನೆನಪಿದ್ದರೆ, ಆ ಭಾನುವಾರಗಳು ಸಾರ್ಥಕವಾದಂತೆ.